ಯಾವ ಆದೇಶ ಅಂತ ಕೇಳಿದ್ದಕ್ಕೆ

ಗದಗ ಜಿಲ್ಲೆಯ ಒಂದು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಎಸ್‌ಡಿಎಂಸಿ ಅಧ್ಯಕ್ಷೆ. ಊರಿನ ಹೆಸರು ಬರೆಯುವುದಿಲ್ಲ. ಈ ಕಥೆಯಲ್ಲಿ ಬರುವವರೆಲ್ಲ ದಿನಾ ಎದುರಾಗುವ ಮಂದಿ. ಅವರ ಮನೆಯ ಮದುವೆಗೆ ಕುಪ್ಪಸ ಹೊಲಿದು ಕೊಡುವವಳೂ ನಾನೇ. ಹೊಲಿಗೆ ನನ್ನ ಕಸುಬು, ಓದಿದ್ದು ಪಿಯುಸಿವರೆಗೆ. ಇದೆಲ್ಲ ಶುರುವಾದಾಗ ನನ್ನ ಮಗ ಆರನೇ ತರಗತಿಯಲ್ಲಿದ್ದ.

ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ನಮ್ಮ ರಾಜ್ಯದಲ್ಲಿ ಇದು 2001ರಿಂದ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ಮಕ್ಕಳ ತಂದೆತಾಯಿಯೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಹಾಗಾಗಿಯೇ ನನ್ನಂಥವಳು ಅಧ್ಯಕ್ಷೆಯಾದೆ. ಬಿಸಿಯೂಟದ ಅಕ್ಕಿ ನೋಡುವುದು, ಶೌಚಾಲಯಕ್ಕೆ ನೀರು ಬರುತ್ತಾ ನೋಡುವುದು, ತಿಂಗಳಿಗೊಮ್ಮೆ ಠರಾವು ಪುಸ್ತಕಕ್ಕೆ ಸಹಿ ಹಾಕುವುದು. ಇಷ್ಟೇ ಕೆಲಸ ಅಂದುಕೊಂಡಿದ್ದೆ.

2024ರ ಜೂನ್ ಸಭೆಗೆ ಒಬ್ಬ ದಾನಿಗಳ ಪತ್ರ ಬಂತು. ನಮ್ಮ ಶಾಲೆಯಲ್ಲೇ ಓದಿ ವ್ಯಾಪಾರದಲ್ಲಿ ಮೇಲೆ ಬಂದವರು. ಕೊರೋನಾ ಕಾಲದಲ್ಲಿ ಜಾತಿ ಕೇಳದೆ ಮನೆಮನೆಗೆ ಅಕ್ಕಿ ಕಳಿಸಿದವರು. ಅವರ ಮೇಲೆ ನನಗೆ ಅವತ್ತೂ ಗೌರವವಿತ್ತು, ಇವತ್ತೂ ಇದೆ. ಸೋರುವ ಮೂರು ಕೋಣೆಗಳ ರಿಪೇರಿ, ಕುಡಿಯುವ ನೀರಿನ ಫಿಲ್ಟರ್, ಗೋಡೆಗೆಲ್ಲ ಬಣ್ಣ, ಎಲ್ಲ ಮಾಡಿಸುತ್ತೇನೆ ಅಂತ ಬರೆದಿದ್ದರು. ಜೊತೆಗೆ ಧ್ವಜದ ಕಂಬದ ಪಕ್ಕ ನಾಲ್ಕು ಕಂಬದ ಒಂದು ಸಣ್ಣ ಮಂಟಪ, ಅದರಲ್ಲಿ ಸರಸ್ವತಿಯ ಮೂರ್ತಿ. ದಿನಾ ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಶ್ಲೋಕ, ಆರತಿ. ಆರತಿ ಹಿಡಿಯುವ ಪಾಳಿ ಮಕ್ಕಳದ್ದು, ಹಾಜರಿ ನಂಬರ್ ಪ್ರಕಾರ.

"ಭಾಳ ಚಲೋ ಆತ್ರಿ" ಅಂದೆ ನಾನು. ಮನಸ್ಸಿನಿಂದಲೇ ಅಂದಿದ್ದು. ಪ್ರತಿ ವರ್ಷ ಶಾಲೆಯ ಶಾರದಾ ಪೂಜೆಗೆ ಕಾಯಿ, ಚುರಮುರಿ ನಮ್ಮ ಮನೆಯಿಂದಲೇ ಹೋಗುತ್ತದೆ. ಸರಸ್ವತಿ ಬಂದರೆ ಯಾರಿಗೆ ಏನು ತೊಂದರೆ ಅಂತ ನನಗೆ ಹೊಳೆಯಲೇ ಇಲ್ಲ. ಹದಿನೈದು ದಿನ ಬಿಟ್ಟು ಠರಾವು ಪಾಸು ಮಾಡುವುದು ಅಂತ ತೀರ್ಮಾನವಾಯಿತು.

ಅವತ್ತು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಸೀರೆಗೆ ಕುಚ್ಚು ಕಟ್ಟುವ ನನ್ನ ಗೆಳತಿ ಬಂದಳು. ಅವಳ ಮಗಳು ನನ್ನ ಮಗನ ತರಗತಿಯೇ. ಕಟ್ಟಿದ ಸೀರೆ ಮೇಜಿನ ಮೇಲೆ ಇಟ್ಟು ಸುಮ್ನೆ ನಿಂತಳು. ದುಡ್ಡು ಎಣಿಸಿ ಕೊಟ್ಟರೂ ಹೋಗಲಿಲ್ಲ.

"ಅಕ್ಕಾ, ನನ್ನ ಮಗಳ ನಂಬರ್ ಹದಿನೇಳು. ಹದಿನೇಳನೇ ದಿನ ಆಕಿ ಏನ್ ಮಾಡಬೇಕು?"

ನನಗೆ ಮೊದಲು ಅರ್ಥವಾಗಲಿಲ್ಲ.

"ನಿಮ್ಮ ದೇವರ ಬಗ್ಗೆ ನಮಗೇನೂ ಇಲ್ಲಕ್ಕ. ಪ್ರಸಾದ ಕೊಟ್ರ ಇಸ್ಕೊಂಡು ತಿಂತಾಳ. ಆದ್ರ ಮಾಸ್ತರು ಆರತಿ ಹಿಡಿ ಅಂದ್ರ, ಒಲ್ಲೆ ಅನ್ನಾಕ ಆಕಿಗೆ ಧೈರ್ಯ ಸಾಲಂಗಿಲ್ಲ. ಹಿಡೀಲಿ ಬಿಡು ಅನ್ನಾಕ ನನಗ ಮನಸ್ಸು ಬರವಲ್ದು. ನಾ ಇದನ್ನ ಸಭಾದಾಗ ಬಂದು ಹೇಳಾಕ ಆಗಂಗಿಲ್ಲ. ನಿನ್ನ ಮುಂದ ಹೇಳೀನಿ."

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಮಗನನ್ನು ದಿನಾ ಬೇರೆ ಯಾರದೋ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ, ನಿನ್ನ ಪಾಳಿ ಬಂತು ಮಾಡು ಅಂದರೆ ನಾನು ಏನನ್ನುತ್ತಿದ್ದೆ? ಜಗಳಕ್ಕೆ ಹೋಗುತ್ತಿದ್ದೆ. ನನಗೆ ಹೋಗುವಷ್ಟು ಧೈರ್ಯವಿದೆ, ಯಾಕಂದರೆ ಊರಿನಲ್ಲಿ ನಮ್ಮ ಮಂದಿ ಜಾಸ್ತಿ. ಅವಳಿಗೆ ಅದೇ ಇಲ್ಲ.

ಮರುದಿನ ಗದಗಿಗೆ ಬಸ್ಸು ಹತ್ತಿದೆ. ನಮ್ಮ ಅಣ್ಣನ ಗೆಳೆಯರೊಬ್ಬರು ಅಲ್ಲಿ ವಕೀಲರು. ಕೋರ್ಟಿನ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಕನ್ನಡದಲ್ಲಿರುವ ಸಂವಿಧಾನದ ಪುಸ್ತಕ ತೆಗೆದು 28ನೇ ವಿಧಿ ತೋರಿಸಿದರು. ಅರ್ಧ ಪುಟವೂ ಇಲ್ಲ. ನಾನೇ ಓದಿದೆ, ಬೆರಳಿಟ್ಟುಕೊಂಡು.

ಮೊದಲ ಭಾಗ: ಪೂರ್ತಿ ಸರ್ಕಾರದ ದುಡ್ಡಿನಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಬಾರದು. ಎರಡನೆಯದು ಒಂದು ವಿನಾಯಿತಿ: ಧರ್ಮ ಹೇಳಿಕೊಡಬೇಕು ಅಂತ ಷರತ್ತು ಹಾಕಿ ದತ್ತಿಯೋ ಟ್ರಸ್ಟೋ ಸ್ಥಾಪಿಸಿದ ಸಂಸ್ಥೆಯನ್ನು ಸರ್ಕಾರ ನೋಡಿಕೊಳ್ಳುತ್ತಿದ್ದರೆ ಮೊದಲ ಭಾಗ ಅದಕ್ಕೆ ಅನ್ವಯಿಸುವುದಿಲ್ಲ. ಮೂರನೆಯದು: ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಯಾವ ಶಾಲೆಯಲ್ಲೂ, ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೋ ಪೂಜೆಗೋ ಸೇರಿಸುವಂತಿಲ್ಲ. ಚಿಕ್ಕ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು.

ಎರಡನೇ ಭಾಗ ಓದಿದಾಗ ನನಗೆ ಗಾಬರಿಯಾಯಿತು. ದಾನಿಗಳೂ ಷರತ್ತು ಹಾಕಿಯೇ ಕೊಡುತ್ತಿದ್ದಾರಲ್ಲ? ವಕೀಲರು ತಲೆ ಆಡಿಸಿದರು. "ಶಾಲಿ ಸ್ಥಾಪನೆ ಮಾಡಿದವರು ಯಾರು? ಸರ್ಕಾರ. ನಡುವ ಬಂದು ಬಣ್ಣಾ ಹಚ್ಚಿದ್ರ ಅದು ದಾನಿಗಳ ಶಾಲಿ ಆಗಂಗಿಲ್ಲ." ಆರತಿ ಅಂದರೆ ಬೋಧನೆಯಾ, ಪೂಜೆಯಾ ಅಂತಲೂ ಕೇಳಿದೆ. ಅದನ್ನು ಕೋರ್ಟಿನಲ್ಲಿ ಎರಡು ದಿನ ವಾದ ಮಾಡಬಹುದು ಅಂದರು. ಆದರೆ ಹಾಜರಿ ನಂಬರ್ ಹಿಡಿದು ಪಾಳಿ ಹಚ್ಚಿದರೆ ಅಲ್ಲಿ ಒಪ್ಪಿಗೆ ಕೇಳಿದ್ದು ಎಲ್ಲಿ ಅಂತ ಅವರೇ ತಿರುಗಿ ಕೇಳಿದರು.

ಇನ್ನೂ ಎರಡು ಮಾತು ಹೇಳಿದರು. ಧರ್ಮಗಳ ಬಗ್ಗೆ ಪಾಠ ಮಾಡುವುದೇ ತಪ್ಪು ಅಂತ ಇದರ ಅರ್ಥವಲ್ಲ. ಎಲ್ಲಾ ಧರ್ಮಗಳ ಸಾರವನ್ನು ಮಕ್ಕಳಿಗೆ ತಿಳಿಸಲು 28ನೇ ವಿಧಿ ಅಡ್ಡ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಇನ್ನೊಂದು ಮಂಟಪದ ವಿಷಯ. ಸಾರ್ವಜನಿಕ ಜಾಗದಲ್ಲಿ ಗುಡಿ, ಮಸೀದಿ, ಚರ್ಚು, ಗುರುದ್ವಾರ ಅಂತ ಹೊಸದಾಗಿ ಅನಧಿಕೃತ ಕಟ್ಟಡ ಏಳಬಾರದು ಅಂತ 2009ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಮೈಸೂರು ಕಡೆ ಒಂದು ಗುಡಿ ಕೆಡವಿ ಗದ್ದಲವಾದ ಮೇಲೆ 2021ರಲ್ಲಿ ನಮ್ಮ ರಾಜ್ಯ ಒಂದು ಕಾಯ್ದೆ ತಂದಿತು. ಅದು ಆಗಲೇ ಇದ್ದ ಕಟ್ಟಡಗಳನ್ನು ಉಳಿಸಲು ತಂದ ಕಾಯ್ದೆ, ಹೊಸದಕ್ಕೆ ಪರವಾನಗಿ ಅಲ್ಲ.

ನಾನು ಪತ್ರ ಬರೆದೆ, ಇಲಾಖೆಯ ಕಚೇರಿಗೆ. ಒಂದೇ ಪುಟ. ದಾನಿಗಳ ಪತ್ರದ ಜೆರಾಕ್ಸ್ ಹಚ್ಚಿ, ರಿಪೇರಿ ಕೆಲಸ ಒಪ್ಪಿಕೊಳ್ಳಬಹುದಾ, ಮಂಟಪ ಮತ್ತು ಪಾಳಿಯ ಆರತಿಗೆ ಸಮಿತಿ ಠರಾವು ಮಾಡಬಹುದಾ, ಬರವಣಿಗೆಯಲ್ಲಿ ತಿಳಿಸಿ ಅಂತ ಕೇಳಿದೆ. ಕಚೇರಿಯಲ್ಲಿ ಟಪಾಲು ತಗೊಳ್ಳುವವರು "ಇಟ್ಟು ಹೋಗ್ರಿ" ಅಂದರು. ಹೋಗಲಿಲ್ಲ. ಎರಡು ಪ್ರತಿ ಒಯ್ದಿದ್ದೆ. ನನ್ನ ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಬೇಕು ಅಂದೆ. ಮುಕ್ಕಾಲು ತಾಸು ಬೆಂಚಿನ ಮೇಲೆ ಕೂರಿಸಿದರು. ಕೂತೆ. ಸೀಲು ಬಿತ್ತು. ಆ ನೀಲಿ ಸೀಲಿನ ಕಾಗದ ಮುಂದೆ ನನಗೆ ಎಷ್ಟು ಆಸರೆಯಾಯಿತು ಅಂದರೆ, ಈಗ ಯಾರು ಕಚೇರಿಗೆ ಹೊರಟರೂ ಮೊದಲು ಅದನ್ನೇ ಹೇಳುತ್ತೇನೆ: ಸೀಲಿಲ್ಲದೆ ಎದ್ದು ಬರಬೇಡಿ.

ಊರಿನಲ್ಲಿ ಮಾತು ಹಬ್ಬಿತು. ಸರಸ್ವತಿ ಬೇಡ ಅಂದವಳು ಅಂತ. ಇಬ್ಬರು ಹಳೇ ಗಿರಾಕಿಗಳು ಹೊಲಿಯಲು ಕೊಟ್ಟ ಬಟ್ಟೆ ವಾಪಸು ಒಯ್ದರು. ನಮ್ಮ ಅತ್ತೆಯೂ ಕೇಳಿದರು. ಅವರದು ದಿನಾ ಲಿಂಗಪೂಜೆ ಆಗದೆ ನೀರೂ ಕುಡಿಯದ ಜೀವ. ಗೆಳತಿ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನಾ ಯಾರಿಗೂ ಜುಲುಮಿಲೆ ವಿಭೂತಿ ಹಚ್ಚಿಲ್ಲ. ಮೊಮ್ಮಗ ಹಣಿ ಒಡ್ಡಿದ ಮ್ಯಾಲ ಹಚ್ಚೀನಿ" ಅಂದರು. ಅಷ್ಟು ಸಾಕಾಯಿತು ನನಗೆ.

ಮೂರು ವಾರದ ಮೇಲೆ ಉತ್ತರ ಬಂತು. ದುರಸ್ತಿ ಕೆಲಸ ಮಾಡಿಸಬಹುದು, ಶಾಲೆಯ ಆವರಣದಲ್ಲಿ ಧಾರ್ಮಿಕ ರಚನೆಗೆ ಅವಕಾಶವಿಲ್ಲ, ದೇಣಿಗೆಗೆ ಆ ಥರದ ಷರತ್ತು ಒಪ್ಪುವಂತಿಲ್ಲ. ದಾನಿಗಳು ತಾವೇ ಅಂಗಡಿಗೆ ಬಂದರು. ಸಿಟ್ಟು ಮಾಡಲಿಲ್ಲ. "ತಂಗಿ, ನನ್ನ ಮನಸ್ಸಿನ್ಯಾಗ ಕೆಟ್ಟದ್ದು ಇರಲಿಲ್ಲ" ಅಂದರು. ನನಗೆ ಗೊತ್ತು ಅಂದೆ. ಕೋಣೆಗಳ ರಿಪೇರಿಯೂ ಅಲ್ಲಿಗೇ ನಿಂತಿತು. ಆ ಮಳೆಗಾಲ ಪೂರ್ತಿ ಐದನೇ ತರಗತಿಯ ಮಕ್ಕಳು ಒಂದೇ ಮೂಲೆಯಲ್ಲಿ ಒತ್ತಿಕೊಂಡು ಕೂತರು. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಆಗಸ್ಟ್ ಕೊನೆಯಲ್ಲಿ ಒಂದು ಸೋಮವಾರ ಸಂಜೆ ಮಗ ಶಾಲೆಯಿಂದ ಬಂದ. ಅಂಗಿಯ ಕಾಲರು ಇನ್ನೂ ಹಸಿಯಾಗಿತ್ತು. ಹಣೆಯ ಮೇಲೆ ಬೆಳಿಗ್ಗೆ ಅಜ್ಜಿ ಎಳೆದ ಮೂರು ಬೆರಳಿನ ವಿಭೂತಿ ಇರಲಿಲ್ಲ. ಆ ಜಾಗದಲ್ಲಿ ಚರ್ಮ ಕೆಂಪಾಗಿತ್ತು, ಎಡಗಡೆ ಹುಬ್ಬಿನ ಮೇಲೆ ಸ್ವಲ್ಪ ತರಚಿತ್ತು. ಕಿವಿಯ ಹತ್ತಿರ ಒಂದಿಷ್ಟು ಬೂದಿ ಒಣಗಿ ಹಾಗೇ ಅಂಟಿತ್ತು. ಬಿದ್ದೆಯಾ ಅಂತ ಕೇಳಿದೆ. ಇಲ್ಲ ಅಂದ. ನಳದ ಹತ್ತಿರ ಸಾಲಾಗಿ ನಿಲ್ಲಿಸಿ ಎಲ್ಲರ ಹಣೆ ತೊಳೆಸಿದರಂತೆ. ಇವನ ವಿಭೂತಿ ಮೊದಲ ಸಲಕ್ಕೆ ಹೋಗಲಿಲ್ಲ. ಮತ್ತೊಮ್ಮೆ ಉಜ್ಜಿಕೋ ಅಂದರಂತೆ. ಇವನು ನೋಟ್‌ಬುಕ್ಕಿನ ರಟ್ಟು ತಗೊಂಡು ಉಜ್ಜಿಕೊಂಡಿದ್ದ.

"ನಾ ಏನ್ ತಪ್ ಮಾಡೀನಿ ಅವ್ವಾ?" ಅಂದ. ಅವನ ಅಜ್ಜಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು.

ಗೆಳತಿಯ ಮನೆಗೆ ಓಡಿದೆ. ಆ ಹುಡುಗಿಯ ಕೊರಳಿನಲ್ಲಿ ಕರಿ ದಾರದ ತಾಯತ ಒಂದಿತ್ತು. ಸಣ್ಣವಳಿದ್ದಾಗ ಕಾಮಾಲೆ ಬಂದು ಉಳಿದಿದ್ದಳು, ಆಗ ಅಜ್ಜಿ ಲಕ್ಷ್ಮೇಶ್ವರದ ದೂದನಾನಾ ದರ್ಗಾದಿಂದ ತಂದು ಕಟ್ಟಿದ್ದು. ಅದನ್ನೂ ತೆಗೆಸಿದ್ದರು. ಹುಡುಗಿ ಅದನ್ನು ಕಂಪಾಸ್ ಡಬ್ಬಿಯಲ್ಲಿ ಪೆನ್ಸಿಲ್ ಕೆಳಗೆ ಮಡಚಿ ಇಟ್ಟುಕೊಂಡು ಬಂದಿದ್ದಳು. ಡಬ್ಬಿ ತೆಗೆದು ನನಗೆ ತೋರಿಸಿದಳು. ಮಾತಾಡಲಿಲ್ಲ.

ಹೆಣ್ಣುಮಕ್ಕಳ ಕುಂಕುಮಕ್ಕೆ ಮಾತ್ರ ಯಾರೂ ಏನೂ ಅಂದಿರಲಿಲ್ಲ. ಅದು ಧರ್ಮದ ಗುರುತಲ್ಲವಂತೆ, ವಿಭೂತಿ ಗುರುತಂತೆ. ಹೀಗಂತ ಯಾರು ಅಳೆದರು?

ಮರುದಿನ ಬೆಳಿಗ್ಗೆ ಹೆಡ್ ಮಾಸ್ತರರ ಕೋಣೆಗೆ ಹೋದೆ.

"ಯಾವ ಆದೇಶದ ಮ್ಯಾಲೆ ತೊಳೆಸಿದ್ರಿ ಸರ್?"

"ಮ್ಯಾಲಿಂದ ಬಂದೈತ್ರಿ."

"ತೋರಿಸ್ರಿ."

ಅವರು ಮೊಬೈಲ್ ತೆಗೆದರು. ವಾಟ್ಸಾಪ್ ಗುಂಪಿನಲ್ಲಿ ಒಂದು ಧ್ವನಿ ಸಂದೇಶ. ಕೆಲವು ಶಾಲೆಗಳಿಂದ ಧಾರ್ಮಿಕ ವಿಷಯಕ್ಕೆ ದೂರು ಬರುತ್ತಿವೆ, ಶಾಲೆಯೊಳಗೆ ಯಾವ ಧಾರ್ಮಿಕ ಗುರುತೂ ಇರದಂತೆ ನೋಡಿಕೊಳ್ಳಿ, ಆಮೇಲೆ ನಮಗೆ ತೊಂದರೆ ಕೊಡಬೇಡಿ. ಒಂದು ನಿಮಿಷವೂ ಇಲ್ಲ. ಅದಕ್ಕೆ ಸಂಖ್ಯೆಯಿಲ್ಲ, ತಾರೀಖಿಲ್ಲ, ಯಾರ ಸಹಿಯೂ ಇಲ್ಲ.

"ಅಕ್ಕಾರ, ನಿಮ್ಮ ಪತ್ರದಿಂದನ ಇದು ಬಂದದ್ದು" ಅಂದರು ಹೆಡ್ ಮಾಸ್ತರರು. "ನನ್ನ ನೌಕರಿ ಇನ್ನ ಮೂರು ವರ್ಷ ಐತಿ. ನಾ ಏನ್ ಮಾಡ್ಲಿ ಹೇಳ್ರಿ." ಅವರ ಕೈ ನಡುಗುತ್ತಿತ್ತು. ಕೆಟ್ಟ ಮನುಷ್ಯರಲ್ಲ. ಸ್ವಂತ ದುಡ್ಡಿನಲ್ಲಿ ಮಕ್ಕಳಿಗೆ ನೋಟ್‌ಬುಕ್ ಕೊಡಿಸುವವರು. ಆದರೆ ಮೇಲಿನವರು ಅಂದ ತಕ್ಷಣ ಅವರ ಕೈಗೆ ನೀರು ಬಂದಿತ್ತು, ಕೆಳಗೆ ನನ್ನ ಮಗನ ಹಣೆ ಇತ್ತು.

ನನ್ನ ಪತ್ರದಿಂದ ಅನ್ನುವ ಮಾತು ಚುಚ್ಚಿತು. ಶಾಲೆ ಮಕ್ಕಳಿಂದ ಪೂಜೆ ಮಾಡಿಸಬಾರದು ಅಂತ ನಾನು ಬರೆದಿದ್ದು. ಮಗು ತನ್ನ ಮೈಮೇಲೆ ಏನು ಇಟ್ಟುಕೊಂಡು ಬರುತ್ತದೆ ಅನ್ನುವುದು ಆ ಪತ್ರದಲ್ಲಿ ಎಲ್ಲಿತ್ತು? ಶಾಲೆಯ ದೇವರು ಬೇರೆ, ಮಗುವಿನ ದೇವರು ಬೇರೆ. ಮೊದಲನೆಯದನ್ನು ನಿಲ್ಲಿಸಿ ಅಂದದ್ದಕ್ಕೆ ಎರಡನೆಯದನ್ನು ಅಳಿಸಿದರು.

ಮತ್ತೆ ಗದಗಿಗೆ ಹೋದೆ. ಈ ಸಲ ವಕೀಲರು ಕೇರಳದ ಒಂದು ಕೇಸಿನ ಕಥೆ ಹೇಳಿದರು. ಅದನ್ನು ಕೇಳಿ ನನ್ನ ಮೈ ಜುಮ್ಮೆಂದಿತು. ಬಿಜೋ ಎಮ್ಯಾನುಯೆಲ್ ಕೇಸು. ಮೂವರು ಒಡಹುಟ್ಟಿದವರು, ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು. ಶಾಲೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ತಮ್ಮ ದೇವರಿಗೆ ಬಿಟ್ಟು ಬೇರೆ ಪ್ರಾರ್ಥನೆ ಸಲ್ಲದು ಅನ್ನುವುದು ಅವರ ನಂಬಿಕೆ. ಒಬ್ಬ ಶಾಸಕರು ಅದನ್ನು ನೋಡಿ ವಿಧಾನಸಭೆಯಲ್ಲಿ ಎತ್ತಿದರು. ವಿಚಾರಣೆಯಲ್ಲಿ ಮಕ್ಕಳು ಒಳ್ಳೆಯವರು, ಯಾರಿಗೂ ಅಗೌರವ ಮಾಡಿಲ್ಲ ಅಂತಲೇ ಬಂತು. ಆದರೂ 1985ರ ಜುಲೈನಲ್ಲಿ ಮುಖ್ಯೋಪಾಧ್ಯಾಯಿನಿ ಮೂವರನ್ನೂ ಶಾಲೆಯಿಂದ ತೆಗೆದರು. ಯಾಕೆ? ಮೇಲಿನ ಶಾಲಾ ಇನ್‌ಸ್ಪೆಕ್ಟರ್ ಹೇಳಿದ್ದರು ಅಂತ.

1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಪೀಠ ಆ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಅಂತ ತೀರ್ಪು ಕೊಟ್ಟಿತು. ಮಾತಿನ ಹಕ್ಕಿರಲಿ, ಧರ್ಮದ ಹಕ್ಕಿರಲಿ, ಅದನ್ನು ಕಟ್ಟಿಹಾಕಬೇಕಾದರೆ ಕಾನೂನಿನ ಬಲವಿರಬೇಕು. ಇಲಾಖೆಯ ಸುತ್ತೋಲೆಗೆ ಆ ಬಲ ಇಲ್ಲ.

"ಸುತ್ತೋಲಿಗೇ ಇಲ್ಲ" ಅಂದರು ವಕೀಲರು. "ನಿಮ್ಮಲ್ಲಿ ಬಂದದ್ದು ವಾಟ್ಸಾಪ್ ಧ್ವನಿ."

ಹಾಗಾದರೆ 2022ರಲ್ಲಿ ಹಿಜಾಬ್ ವಿಷಯಕ್ಕೆ ನಡೆದದ್ದು ಏನು ಅಂತ ಕೇಳಲೇಬೇಕಾಯಿತು. ಆ ಫೆಬ್ರುವರಿಯನ್ನು ನಾನು ಮರೆತಿಲ್ಲ. ನಮ್ಮ ಅಣ್ಣನ ಮಗಳು ಆಗ ಪಿಯುಸಿ. ಕಾಲೇಜುಗಳು ದಿನಗಟ್ಟಲೆ ಮುಚ್ಚಿದವು. ತೆರೆದಾಗ ಅವಳ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ ಬರಲಿಲ್ಲ. ವಕೀಲರು ನೇರವಾಗಿ ಹೇಳಿದರು. ಆಗ ಫೆಬ್ರುವರಿ 5ರಂದು ಸರ್ಕಾರ ಕರ್ನಾಟಕ ಶಿಕ್ಷಣ ಕಾಯ್ದೆಯ 133ನೇ ಕಲಮಿನಡಿ ಸಮವಸ್ತ್ರದ ಬಗ್ಗೆ ಬರವಣಿಗೆಯ ಆದೇಶ ಹೊರಡಿಸಿತ್ತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು ಅದನ್ನು ಎತ್ತಿಹಿಡಿದರು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರಲ್ಲಿ ಒಡಕು ಬಂತು. ನ್ಯಾಯಮೂರ್ತಿ ಹೇಮಂತ್ ಗುಪ್ತ ಆದೇಶ ಸರಿ ಅಂದರು, ನ್ಯಾಯಮೂರ್ತಿ ಸುಧಾಂಶು ಧುಲಿಯಾ ರದ್ದು ಮಾಡಿದರು. ದೊಡ್ಡ ಪೀಠಕ್ಕೆ ಹೋಗಬೇಕಾದ ವಿಷಯ, ನಾವು ಚಹಾ ಕುಡಿಯುತ್ತಾ ಮಾತಾಡಿದ ದಿನದವರೆಗೂ ಕೊನೆಯ ತೀರ್ಪು ಬಂದಿರಲಿಲ್ಲ. ಆ ಹುಡುಗಿ ಶಾಲೆಗೆ ಬರುವುದು ಮುಖ್ಯವಲ್ಲವಾ ಅನ್ನುವುದು ನ್ಯಾಯಮೂರ್ತಿ ಧುಲಿಯಾ ಅವರು ಎತ್ತಿದ ಪ್ರಶ್ನೆ. ನನಗೂ ಅದೇ ದೊಡ್ಡ ಪ್ರಶ್ನೆ ಅನಿಸುತ್ತದೆ. ಖಾಲಿ ಬೆಂಚಿಗೆ ಯಾವ ಸಮವಸ್ತ್ರ ಹಾಕುತ್ತೀರಿ?

ಆದರೆ ನಮ್ಮ ಶಾಲೆಯ ಮಟ್ಟಿಗೆ ಅಷ್ಟು ದೂರ ಹೋಗುವುದೇ ಬೇಕಿರಲಿಲ್ಲ. ಅಲ್ಲಿ ಒಂದು ಆದೇಶವಾದರೂ ಇತ್ತು. ಕೋರ್ಟಿನಲ್ಲಿ ಅದನ್ನು ಎದುರಿಗಿಟ್ಟು ಸರಿಯೋ ತಪ್ಪೋ ಅಂತ ವಾದ ಮಾಡಲು ಬಂತು. ಇಲ್ಲಿ ವಾದ ಮಾಡಲಿಕ್ಕೂ ಕಾಗದವಿಲ್ಲ.

"ಮೊದಲ ಅದನ್ನ ಬರೆಸ್ಕೋರಿ" ಅಂದರು ವಕೀಲರು. "ಕಾಗದ ಇಲ್ಲ ಅಂತ ಒಂದು ಕಾಗದ ಬೇಕು."

ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನನ್ನ ಮೊದಲ ಬರಹ ಮೂರು ಪುಟವಾಗಿತ್ತು. ಮಗನ ಹಣೆ, ತಾಯತ, ಕುಂಕುಮ, ಎಲ್ಲ ಬರೆದಿದ್ದೆ. ವಕೀಲರು ಅದನ್ನೆಲ್ಲ ಹೊಡೆದು ಒಂದೇ ಪ್ರಶ್ನೆ ಉಳಿಸಿದರು: ಶಾಲಾ ಮಕ್ಕಳ ಮೈಮೇಲಿನ ಧಾರ್ಮಿಕ ಗುರುತು ತೆಗೆಸಬೇಕು ಅಂತ ನಿಮ್ಮ ಕಚೇರಿಯಿಂದ ಹೊರಟ ಆದೇಶ ಅಥವಾ ಸುತ್ತೋಲೆ ಇದ್ದರೆ ಅದರ ದೃಢೀಕೃತ ಪ್ರತಿ ಕೊಡಿ. ಹೊಡೆದು ಹಾಕಿದ ಸಾಲುಗಳನ್ನು ನೋಡಿ ನನಗೆ ಅಳು ಬಂತು. ಆಮೇಲೆ ತಿಳಿಯಿತು, ಕಚೇರಿ ನನ್ನ ಸಂಕಟಕ್ಕೆ ಉತ್ತರ ಕೊಡದೆ ಇರಬಹುದು, ಇಂಥ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಉತ್ತರ ಕೊಡಲು ಮೂವತ್ತು ದಿನ. ಅಷ್ಟು ದಿನವೂ ಅತ್ತೆ ಮೊಮ್ಮಗನಿಗೆ ವಿಭೂತಿ ಹಚ್ಚಲಿಲ್ಲ. ಪೂಜೆ ಮುಗಿಸಿ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಅವನು ರಾತ್ರಿ ಮಲಗುವಾಗ ತಾನೇ ತೆಗೆದು ಹಚ್ಚಿಕೊಂಡು ಮಲಗುತ್ತಿದ್ದ. ಬೆಳಿಗ್ಗೆ ದಿಂಬಿನ ಮೇಲೆ ಬಿಳಿ ಗುರುತು ಇರುತ್ತಿತ್ತು.

ಇಪ್ಪತ್ತೇಳನೇ ದಿನ ರಿಜಿಸ್ಟರ್ ಬಂತು. ಒಂದೇ ಸಾಲು. ತಾವು ಕೋರಿದ ಆದೇಶ ಅಥವಾ ಸುತ್ತೋಲೆ ಈ ಕಚೇರಿಯಲ್ಲಿ ಲಭ್ಯವಿಲ್ಲ.

ಅದನ್ನೂ, ಕೇರಳದ ಮಕ್ಕಳ ತೀರ್ಪಿನ ಪ್ರತಿಯನ್ನೂ ಹಿಡಿದು ಅಧಿಕಾರಿಗಳ ಹತ್ತಿರ ಹೋದೆ. ಗೆಳತಿಯೂ ಬಂದಳು. ಬರುತ್ತೀಯಾ ಅಂತ ಕೇಳಿದಾಗ ಅವಳು ಎರಡು ದಿನ ಯೋಚನೆ ಮಾಡಿದ್ದಳು. ಅವತ್ತು ಬುರ್ಖಾ ಹಾಕಿಕೊಂಡು, ಕೈಯಲ್ಲಿ ಮಗಳ ಕಂಪಾಸ್ ಡಬ್ಬಿ ಹಿಡಿದುಕೊಂಡು ನನ್ನ ಪಕ್ಕ ಕೂತಳು. ಅಧಿಕಾರಿಗಳು ಎರಡೂ ಕಾಗದ ಓದಿದರು. ನ್ಯಾಯವಾಗಿ ಹೇಳಬೇಕು ಅಂದರೆ, ಅವರು ವಾದಕ್ಕೆ ಇಳಿಯಲಿಲ್ಲ.

"ಮಂಟಪ, ಕಟ್ಟಡದ ಮಾತು ಬಂದಿತ್ರಿ. ಹಣಿ ತೊಳೆಸ್ರಿ ಅಂತ ಯಾರೂ ಹೇಳಿಲ್ಲ."

"ಹಂಗಂತ ಬರೆದು ಕೊಡ್ರಿ ಸಾಹೇಬ್ರ" ಅಂದೆ.

"ನಾ ಫೋನ್ ಮಾಡಿ ಹೇಳ್ತೀನಲ್ಲ."

"ಫೋನಿನಿಂದನ ಇಷ್ಟೆಲ್ಲ ಆಗೈತ್ರಿ."

ಆಗ ಗೆಳತಿ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು. ಕರಿ ದಾರ ಇನ್ನೂ ಅದರಲ್ಲೇ ಇತ್ತು. ಅವರು ಅದನ್ನು ನೋಡಿದರು, ಮುಟ್ಟಲಿಲ್ಲ. ಕೇಸ್ ವರ್ಕರನ್ನು ಕರೆದು ಪತ್ರ ತಯಾರು ಮಾಡಿ ಅಂದರು. ಅದು ನಮ್ಮ ಶಾಲೆಗೆ ಮುಟ್ಟಲು ಮತ್ತೆ ಹನ್ನೊಂದು ದಿನ ಹಿಡಿಯಿತು. ನವೆಂಬರ್ ತಿಂಗಳು. ಎರಡೇ ವಾಕ್ಯ. ವಿದ್ಯಾರ್ಥಿಗಳ ವೈಯಕ್ತಿಕ ಧಾರ್ಮಿಕ ಚಿಹ್ನೆಗಳ ಬಗ್ಗೆ ಈ ಕಚೇರಿ ಯಾವ ಆದೇಶವನ್ನೂ ಹೊರಡಿಸಿಲ್ಲ. ಮುಖ್ಯೋಪಾಧ್ಯಾಯರು ತಮ್ಮ ಮಟ್ಟದಲ್ಲಿ ಅಂಥ ಕ್ರಮ ಕೈಗೊಳ್ಳಬಾರದು.

ಇದನ್ನು ನಮ್ಮ ಠರಾವು ಪುಸ್ತಕದಲ್ಲೇ ಬರೆಸಬೇಕು ಅಂತ ನನಗೆ ಹಟ ಬಂತು. ಅಧಿಕಾರಿಗಳು ಬದಲಾಗುತ್ತಾರೆ, ಹೆಡ್ ಮಾಸ್ತರರು ನಿವೃತ್ತರಾಗುತ್ತಾರೆ. ಡಿಸೆಂಬರ್ ಸಭೆಗೆ ಕೋರಂ ಆಗಲಿಲ್ಲ. ಜನವರಿಯಲ್ಲಿ ಜಗಳವಾಗಿ ಎದ್ದು ಹೋದರು. ಮಂಟಪದ ಪರವಾಗಿದ್ದ ಹಿರಿಯ ಸದಸ್ಯರೊಬ್ಬರದು ಒಂದೇ ಮಾತು: "ಸಾಲ್ಯಾಗ ಶಿಸ್ತು ಮುಖ್ಯ. ತೆಗಿ ಅಂದ್ರ ತೆಗೀಬೇಕು."

2025ರ ಏಪ್ರಿಲ್‌ನಲ್ಲಿ ಸಿಇಟಿ ಬಂತು. ಬೀದರಿನಲ್ಲಿ ಒಬ್ಬ ಹುಡುಗ ಜನಿವಾರ ತೆಗೆಯಲು ಒಪ್ಪದೆ ಗಣಿತದ ಪರೀಕ್ಷೆಯಿಂದ ಹೊರಗುಳಿದ. ಶಿವಮೊಗ್ಗದಲ್ಲೂ ಜನಿವಾರ ತೆಗೆಸಿದ ದೂರು ಬಂತು. ಪೇಪರಿನಲ್ಲಿ, ಟಿವಿಯಲ್ಲಿ ಅದೇ ಸುದ್ದಿ. ಜೂನ್ ಸಭೆಗೆ ಬಂದ ಆ ಹಿರಿಯರು ನಾನು ಬಾಯಿ ತೆರೆಯುವ ಮೊದಲೇ "ಆ ಹುಡುಗನ ಒಂದು ವರ್ಷ ಹೋದ್ರ ಯಾರ್ರೀ ಕೊಡ್ತಾರ?" ಅಂದರು. ನಾನು ಏನೂ ಅನ್ನಲಿಲ್ಲ. ಅವರ ಮುಂದೆ ಪುಸ್ತಕ ಸರಿಸಿದೆ.

ಶಾರದಾ ಪೂಜೆಯ ಮಾತು ಬಂದಾಗ ಮತ್ತೆ ಒಂದು ತಾಸು ಹೋಯಿತು. ನಿಲ್ಲಿಸಿಬಿಡೋಣ ಅಂದವರು ಒಬ್ಬ ಶಿಕ್ಷಕಿ. ನಿಯಮ ಅಂದ ಮೇಲೆ ಎಲ್ಲದಕ್ಕೂ ನಿಯಮ, ಅಲ್ವಾ ಅಂತ ಅವರ ವಾದ. ಅವರ ಮಾತಿನಲ್ಲಿ ಹುರುಳಿತ್ತು. ಅವರಿಗೆ ಕೊಡಲು ಪೂರ್ತಿ ಉತ್ತರ ನನ್ನ ಹತ್ತಿರ ಇವತ್ತಿಗೂ ಇಲ್ಲ. ಕೊನೆಗೆ, ಪಾಠದ ಸಮಯ ಮುಗಿದ ಮೇಲೆ ಬೇಕಾದವರು ಮಾಡಲಿ, ಹಾಜರಿ ತಗೊಳ್ಳಬಾರದು, ಯಾವ ಮಗುವಿಗೂ ಕೆಲಸ ಹಚ್ಚಬಾರದು ಅನ್ನುವಲ್ಲಿಗೆ ಬಂದೆವು. ಆ ಶಿಕ್ಷಕಿ ಅಷ್ಟಕ್ಕೆ ಒಪ್ಪಲಿಲ್ಲ, ತಮ್ಮ ಅಸಮ್ಮತಿ ಬರೆಸಿದರು. ಬರೆದುಕೊಂಡೆವು.

ಠರಾವು ಹೀಗಿದೆ: "ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ, ಸಂವಿಧಾನದ ಪೀಠಿಕೆ, ರಾಷ್ಟ್ರಗೀತೆ ಇರತಕ್ಕದ್ದು. ಯಾವ ಮಗುವನ್ನೂ ಯಾವುದೇ ಪೂಜೆಗೆ ಒತ್ತಾಯಿಸಬಾರದು. ಕಾನೂನಿನ ಪ್ರಕಾರ ಹೊರಟ ಲಿಖಿತ ಆದೇಶವಿಲ್ಲದೆ ಯಾವ ಮಗುವಿನ ಧಾರ್ಮಿಕ ಗುರುತನ್ನೂ ತೆಗೆಸಬಾರದು. ಅಂಥ ಆದೇಶ ಬಂದರೆ ಜಾರಿಗೆ ಮೊದಲು ಸಮಿತಿಯ ಮುಂದೆ ಇಡತಕ್ಕದ್ದು."

ಇಬ್ಬರು ಸಹಿ ಹಾಕಲಿಲ್ಲ. ಹಿರಿಯರು ಹಾಕಿದರು. ಹೆಡ್ ಮಾಸ್ತರರು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಹಾಕಿದರು. ಗೆಳತಿ ಈಗ ಸಮಿತಿಯ ಸದಸ್ಯೆ. ಎಲ್ಲರದೂ ಆದ ಮೇಲೆ ಅವಳು ಹಾಕಿದಳು, ಕನ್ನಡದಲ್ಲಿ, ಒಂದೊಂದೇ ಅಕ್ಷರ.

ಕೋಣೆಗಳು ಇನ್ನೂ ಸೋರುತ್ತಿವೆ. ಇಲಾಖೆಗೆ ಅದಕ್ಕೆ ಬೇರೆ ಅರ್ಜಿ ಕೊಟ್ಟಿದ್ದೇನೆ, ಸೀಲು ಹಾಕಿಸಿಕೊಂಡೇ ಬಂದಿದ್ದೇನೆ. ಠರಾವಿನ ಒಂದು ಜೆರಾಕ್ಸ್ ನಮ್ಮ ಮನೆಯ ಟ್ರಂಕಿನಲ್ಲಿದೆ, ನನ್ನ ನಂತರ ಅಧ್ಯಕ್ಷರಾಗುವವರಿಗೆ ಕೊಡಲು.